ಎರಡು ರೆಕಾರ್ಡಿಂಗ್, ನಾಲ್ಕು ಜನ, ಒಂದು ಕಿಟ್ಲಿ ಚಹಾ: ಕೂಡಿ ಕೇಳುವುದು ಹೇಗೆ

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಹಿಂದುಸ್ತಾನಿ ಸಂಗೀತದ ಹುಚ್ಚು ಇರುವವರಿಗೆ ಬರವಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ವಾಟ್ಸಾಪಿನಲ್ಲಿ ಐವತ್ತು ನಿಮಿಷದ ತೋಡಿ ರಾಗ ಬಂದು ಕೂತಿರುತ್ತದೆ, ಕೆಳಗೆ 'ಅದ್ಭುತ, ತಪ್ಪದೇ ಕೇಳಿ' ಅಂತ ಒಂದು ಸಾಲು. ಯಾರು ಕೇಳುತ್ತಾರೆ? ನಾಲ್ಕು ಜನ ಕೈ ಮುಗಿದ ಚಿತ್ರ ಹಾಕುತ್ತಾರೆ, ಐದನೆಯವರು ಅದಕ್ಕಿಂತ ಉದ್ದದ ಇನ್ನೊಂದು ತೋಡಿ ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಯಾರೂ ಕೇಳಲಿಲ್ಲ, ಯಾರಿಗೂ ಏನೂ ಸಿಗಲಿಲ್ಲ.

ಇಷ್ಟಪಟ್ಟ ರೆಕಾರ್ಡಿಂಗನ್ನು ಇನ್ನೊಬ್ಬರಿಗೆ ಕೇಳಿಸಬೇಕು, ಅವರ ಇಷ್ಟದ್ದನ್ನು ನಾವು ಕೇಳಬೇಕು, ಎರಡನ್ನೂ ಪಕ್ಕ ಪಕ್ಕ ಇಟ್ಟು ಮಾತಾಡಬೇಕು ಅಂದರೆ ಸ್ವಲ್ಪ ತಯಾರಿ ಬೇಕು. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನೀವು ಹೋಲಿಸುವುದು ಎರಡು ರೆಕಾರ್ಡಿಂಗುಗಳನ್ನು, ಇಬ್ಬರು ಗಾಯಕರನ್ನಲ್ಲ. 'ಮನಸೂರರು ದೊಡ್ಡವರೋ ಭೀಮಸೇನರು ದೊಡ್ಡವರೋ' ಅಂತ ಶುರುವಾದ ಕೂಟ ಚಹಾ ಆರುವ ಮೊದಲೇ ಕೆಡುತ್ತದೆ. 'ಈ ಮೂರು ನಿಮಿಷದಲ್ಲಿ ಇವರು ಏನು ಮಾಡಿದರು, ಅವರು ಏನು ಮಾಡಿದರು' ಅಂತ ಕೇಳಿ ನೋಡಿ. ರಾತ್ರಿ ಹತ್ತಾದರೂ ಯಾರೂ ಏಳುವುದಿಲ್ಲ.

ಎಷ್ಟು ಜನ, ಎಲ್ಲಿ, ಯಾವಾಗ

ನಾಲ್ಕು ಜನ ಸಾಕು. ಆರು ಆದರೆ ಜಾಸ್ತಿ. ಹತ್ತು ಜನ ಸೇರಿದರೆ ಅದು ಕಾರ್ಯಕ್ರಮ ಆಗುತ್ತದೆ, ಯಾರೋ ಒಬ್ಬರು ನಿರೂಪಣೆಗೆ ನಿಲ್ಲುತ್ತಾರೆ, ಹಾರ-ಶಾಲು ಬರುತ್ತದೆ. ನಾಲ್ವರಲ್ಲಿ ಒಬ್ಬರಾದರೂ ಹಾಡು ಕಲಿತವರೋ ತಬಲಾ ಬಾರಿಸುವವರೋ ಇದ್ದರೆ ಒಳ್ಳೆಯದು. ಒಬ್ಬರು ಏನೂ ಗೊತ್ತಿಲ್ಲದೆ ಸುಮ್ನೆ ಇಷ್ಟಪಟ್ಟು ಕೇಳುವವರಾಗಿರಲಿ. ಕಲಿತವರು ಸಮ್, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಬಿತ್ತು ಅಂತ ಹೇಳುತ್ತಾರೆ, ಕಲಿಯದವರು 'ಇಲ್ಲಿ ಯಾಕೋ ನನಗೆ ಬೇಜಾರಾಯ್ತು' ಅಂತ ಹೇಳುತ್ತಾರೆ. ಎರಡನೇ ಮಾತನ್ನು ಕಲಿತವರು ಬಹಳ ಸಲ ಬಾಯಿಬಿಟ್ಟು ಹೇಳುವುದಿಲ್ಲ ನೋಡಿ.

ಹೊತ್ತಿಗೆ ತಕ್ಕ ರಾಗ ಆರಿಸಿಕೊಳ್ಳಿ. ಭಾನುವಾರ ಬೆಳಿಗ್ಗೆ ಸೇರಿದರೆ ತೋಡಿ, ಜೋಗಿಯಾ, ಭೈರವ್. ಸಂಜೆ ಆದರೆ ಮಾರವಾ, ಪೂರಿಯಾ, ಯಮನ್. ಇದು ಶಾಸ್ತ್ರಕ್ಕೆ ಅಂತ ಹೇಳುತ್ತಿಲ್ಲ. ಧಾರವಾಡದಲ್ಲಿ ಮಳೆ ಹಿಡಿದ ಸಂಜೆ ಕಿಟಕಿ ಪಕ್ಕ ಕೂತು ಮಲ್ಹಾರ್ ಹಚ್ಚಿದರೆ ಅರ್ಧ ಕೆಲಸ ಮಳೆಯೇ ಮಾಡುತ್ತದೆ, ಸುಮ್ನೆ ಯಾಕೆ ಬಿಡಬೇಕು? ಊಟ ಆದ ಮೇಲೆ ಮಾತ್ರ ಬೇಡ. ರೊಟ್ಟಿ ಊಟ ಮಾಡಿ ವಿಲಂಬಿತ್ ಏಕತಾಲ್, ಅಂದರೆ ನಿಧಾನ ಲಯದ ಹನ್ನೆರಡು ಮಾತ್ರೆಯ ತಾಳ, ಕೇಳಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಗಿರಮಿಟ್, ಮಿರ್ಚಿ ಎಲ್ಲ ಕೇಳಿ ಮುಗಿದ ಮೇಲೆ. ಕುರುಕಲು ಸದ್ದಿನಲ್ಲಿ ತಂಬೂರಿ ಕೇಳುವುದಿಲ್ಲ.

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅದರಲ್ಲಿ ಕೆಳಗಿನ ಸ್ವರಗಳು ಬರುವುದೇ ಇಲ್ಲ. ತಬಲಾದ ಡಗ್ಗಾ (ಎಡಗೈಯ ದಪ್ಪ ದನಿ) ಮಾಯವಾಗುತ್ತದೆ, ಮಂದ್ರದ (ಕೆಳಗಿನ ಸಪ್ತಕದ) ಕೆಲಸ ಅರ್ಧ ಹೋಗುತ್ತದೆ, ಆಮೇಲೆ ನೀವು 'ಇವರಿಗೆ ಮಂದ್ರ ಇಲ್ಲ' ಅಂತ ತೀರ್ಪು ಕೊಡುತ್ತೀರಿ. ಒಂದು ಸಾಧಾರಣ ಬ್ಲೂಟೂತ್ ಸ್ಪೀಕರ್ ಆದರೂ ಸಾಕು. ಮನೆಯಲ್ಲಿ ಹಳೇ ಡೆಕ್, ದೊಡ್ಡ ಸ್ಪೀಕರ್ ಇದ್ದರೆ ಧೂಳು ಒರೆಸಿ ಅದನ್ನೇ ಹಚ್ಚಿ. ಫ್ಯಾನ್ ಒಂದು ಮೆಟ್ಟಿಲು ಕಡಿಮೆ ಮಾಡಿ. ಹಚ್ಚುವ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಸರಿಯಾಗಿ ತಾರ ಷಡ್ಜ, ಅಂದರೆ ಮೇಲಿನ ಸ, ಮುಟ್ಟುವ ಹೊತ್ತಿಗೆ ಬ್ಯಾಂಕಿನವರು ಸಾಲ ಬೇಕಾ ಅಂತ ಕೇಳುತ್ತಾರೆ.

ಜೋಡಿ ಆರಿಸುವುದು

ಇಡೀ ಕೆಲಸದಲ್ಲಿ ಮುಖ್ಯ ಇದೇ. ಯಾವುದೋ ಎರಡು ಒಳ್ಳೆಯ ರೆಕಾರ್ಡಿಂಗ್ ತಂದು ಒಂದಾದ ಮೇಲೆ ಒಂದು ಹಚ್ಚಿದರೆ ಹೋಲಿಕೆ ಆಗುವುದಿಲ್ಲ. ಎರಡರ ನಡುವೆ ಒಂದೇ ಒಂದು ಸಂಗತಿ ಬೇರೆ ಇರಬೇಕು, ಉಳಿದದ್ದು ಆದಷ್ಟು ಒಂದೇ ಇರಬೇಕು. ಆಗ ಆ ಬೇರೆ ಇರುವ ಸಂಗತಿ ತಾನಾಗಿ ಕಿವಿಗೆ ಬೀಳುತ್ತದೆ.

ಹೊಸಬರು ಇದ್ದರೆ ಜೋಗಿಯಾದ 'ಪಿಯಾ ಕೇ ಮಿಲನ್ ಕೀ ಆಸ್' ಠುಮ್ರಿಯಿಂದ, ಅಂದರೆ ಭಾವವೇ ಮುಖ್ಯವಾದ ಹಗುರ ಗೀತೆಯಿಂದ, ಶುರು ಮಾಡಿ. ಅಬ್ದುಲ್ ಕರೀಂ ಖಾನರದ್ದು ಒಂದು, ಭೀಮಸೇನ ಜೋಶಿಯವರದ್ದು ಒಂದು. ಖಾನ್ ಸಾಹೇಬರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಭೀಮಸೇನರು. ಅಂದರೆ ಅಜ್ಜ-ಮೊಮ್ಮಗನ ಸಂಬಂಧ. ಭೀಮಸೇನರು ಗದಗದಲ್ಲಿ ಹುಡುಗನಾಗಿದ್ದಾಗ ಖಾನ್ ಸಾಹೇಬರ ಝಿಂಝೋಟಿಯ ಒಂದು ರೆಕಾರ್ಡ್ ಕೇಳಿ, ಹಾಡಿದರೆ ಹೀಗೆ ಹಾಡಬೇಕು ಅಂತ 1933ರಲ್ಲಿ ಮನೆ ಬಿಟ್ಟು ಹೋದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗುರು ಸಿಗುವ ಮೊದಲು ಅವರಿಗೆ ಸಿಕ್ಕಿದ್ದು ರೆಕಾರ್ಡ್, ಅಲ್ವಾ?

ಈಗ ಆ ಜೋಡಿ ಹಚ್ಚಿ. ಖಾನ್ ಸಾಹೇಬರ ದನಿ ಸಣ್ಣದು, ಎತ್ತರದ್ದು. ಒಂದು ಸ್ವರದಿಂದ ಇನ್ನೊಂದಕ್ಕೆ ಎಲ್ಲೂ ಮುರಿಯದೆ ಜಾರುತ್ತದೆ. 78 ರೆಕಾರ್ಡು ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ತಟ್ಟೆ, ಅದರ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ, ಅಷ್ಟರಲ್ಲಿ ಮುಗಿಸಲೇಬೇಕು. ಹಾಗಾಗಿ ಪೀಠಿಕೆ ಇಲ್ಲ, ಮೊದಲ ಉಸಿರಿಗೇ ಜೋಗಿಯಾ ಎದುರಿಗೆ ಬಂದು ನಿಲ್ಲುತ್ತದೆ. ಭೀಮಸೇನರಿಗೆ ಹೊತ್ತು ಇದೆ. ಅದೇ ಸಾಲನ್ನು ತಿರುಗಿ ತಿರುಗಿ ತೆಗೆದುಕೊಳ್ಳುತ್ತಾರೆ, ಒಂದೊಂದು ಸಲ ಒಂದೊಂದು ಮಾತಿನ ಮೇಲೆ ಭಾರ ಹಾಕುತ್ತಾರೆ, ದನಿಯಲ್ಲಿ ತೂಕ ಇದೆ. ಇಲ್ಲಿ ಕೇಳಬೇಕಾದ ಪ್ರಶ್ನೆ 'ಯಾವುದು ಚೆನ್ನಾಗಿದೆ' ಅಂತಲ್ಲ. 'ಆಸ್' ಅನ್ನುವ ಮಾತನ್ನು ಇಬ್ಬರೂ ಎಲ್ಲಿ ಬಿಟ್ಟರು, ಎಲ್ಲಿ ಹಿಡಿದು ನಿಂತರು? ಇಷ್ಟೇ ಕೇಳಿ. ಮೂರು ಸಲ ಹಚ್ಚಬೇಕಾಗುತ್ತದೆ, ಹಚ್ಚಿ.

ಎರಡನೇ ಬಗೆಯ ಜೋಡಿ, ಒಬ್ಬರೇ ಗಾಯಕರು, ಎರಡು ವಯಸ್ಸು. ಇದಕ್ಕೆ ಗಂಗೂಬಾಯಿ ಹಾನಗಲ್ಲರಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. 1930ರ ದಶಕದಲ್ಲಿ ಅವರ ರೆಕಾರ್ಡುಗಳು 'ಗಾಂಧಾರಿ' ಅನ್ನುವ ಹೆಸರಿನಲ್ಲಿ ಬಂದವು. ದನಿ ತೆಳು, ಚೂಪು, ಎತ್ತರ. ಮುಂದೆ ಗಂಟಲಿನ ಚಿಕಿತ್ಸೆ ಆದ ಮೇಲೆ ದನಿ ಇಳಿದು ದಪ್ಪವಾಯಿತು, ನಾವೆಲ್ಲ ಗುರುತಿಸುವ ಆ ಗಂಭೀರ ದನಿ ಅದು. ಹೆಸರು ಹೇಳದೆ ಎರಡನ್ನೂ ಹಚ್ಚಿ ನೋಡಿ. 'ಮೊದಲನೇದು ಯಾರ್ರೀ ಈ ಹುಡುಗಿ?' ಅಂತಲೇ ಕೇಳುತ್ತಾರೆ. ಹೇಳಿದ ಮೇಲೂ ಒಬ್ಬರಾದರೂ ನಂಬುವುದಿಲ್ಲ. ಆಮೇಲೆ ಮೂರನೇ ಸಲ ಕೇಳಿಸಿ. ದನಿ ಪೂರ್ತಿ ಬದಲಾಗಿದ್ದರೂ ಸ್ವರ ಹಚ್ಚುವ ಕ್ರಮದಲ್ಲಿ ಏನು ಉಳಿದಿದೆ, ಏನು ಹೊಸದಾಗಿ ಬಂದಿದೆ ಅಂತ ಹುಡುಕುವುದೇ ಒಂದು ಸಂಜೆಯ ಕೆಲಸ. ನಡುವೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಲಿತ ವರ್ಷಗಳಿವೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಎಲ್ಲ ಬದಲಾವಣೆಯನ್ನೂ ಗಂಟಲಿನ ಲೆಕ್ಕಕ್ಕೆ ಬರೆಯಬೇಡಿ.

ಮೂರನೆಯದು, ಒಬ್ಬರೇ ಗುರು, ಬೇರೆ ಬೇರೆ ಶಿಷ್ಯರು. ಗಂಗೂಬಾಯಿ, ಭೀಮಸೇನ, ಫಿರೋಜ್ ದಸ್ತೂರ್, ಮೂವರೂ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಶುದ್ಧ ಕಲ್ಯಾಣ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಯಮನ್ ಆದರೂ ಆದೀತು. ಆಲಾಪದ ಮೊದಲ ಐದು ನಿಮಿಷ ಮಾತ್ರ ತೆಗೆದುಕೊಳ್ಳಿ. ಪೂರ್ತಿ ಹಚ್ಚಿದರೆ ಮೂರನೆಯವರ ಹೊತ್ತಿಗೆ ಮೊದಲನೆಯವರದು ಮರೆತಿರುತ್ತದೆ.

ನಾಲ್ಕನೆಯದು ಘರಾಣಾ, ಅಂದರೆ ಹಾಡುವ ಶೈಲಿಯ ಪರಂಪರೆ. ಇಲ್ಲಿ ಸ್ವಲ್ಪ ಹುಷಾರು. ಕಿರಾಣಾದವರು, ಅಂದರೆ ಖಾನ್ ಸಾಹೇಬರ ಪರಂಪರೆಯವರು, ಸಾಮಾನ್ಯವಾಗಿ ವಿಲಂಬಿತ್ ಏಕತಾಲ್ ಬಹಳ ನಿಧಾನ ಇಡುತ್ತಾರೆ. ಹನ್ನೆರಡು ಮಾತ್ರೆಯ ಒಂದು ಆವರ್ತನಕ್ಕೆ (ತಾಳದ ಒಂದು ಸುತ್ತಿಗೆ) ಒಂದು ನಿಮಿಷದ ಹತ್ತಿರ ಹೋಗುವುದೂ ಉಂಟು. ಸ್ವರ ಒಂದೊಂದೇ ಮೇಲೇರುತ್ತದೆ. ಮಲ್ಲಿಕಾರ್ಜುನ ಮನಸೂರರದು ಜೈಪುರ-ಅತ್ರೌಲಿ. ಅವರ ಬಡಾ ಖ್ಯಾಲ್ (ಮೊದಲು ಹಾಡುವ ನಿಧಾನದ ರಚನೆ) ಹೆಚ್ಚಾಗಿ ತೀನ್‌ತಾಲದಲ್ಲಿ, ಲಯ ಅಷ್ಟು ನಿಧಾನ ಅಲ್ಲ, ಚೀಜು (ಸಾಹಿತ್ಯ ಇರುವ ರಚನೆ) ಶುರುವಾದ ಕೂಡಲೇ ಲಯದ ಜೊತೆ ಆಟ ಶುರು, ಒಂದು ಮಾತಿನ ಬೆನ್ನಿಗೆ ಇನ್ನೊಂದು ಸುತ್ತಿಕೊಂಡು ಬಂದು ಸಮ್ಮಿಗೆ ಬೀಳುತ್ತದೆ. ಇದು ಗೊತ್ತಿಲ್ಲದೆ ಎರಡನ್ನೂ ಪಕ್ಕದಲ್ಲಿಟ್ಟರೆ ಒಬ್ಬರು 'ಇದು ಬಹಳ ಎಳೀತು' ಅನ್ನುತ್ತಾರೆ, ಇನ್ನೊಬ್ಬರು 'ಅವರಿಗೇನು ಅವಸರವೋ' ಅನ್ನುತ್ತಾರೆ. ಎರಡೂ ತಪ್ಪು ದೂರು. ಮೊದಲು ಗಡಿಯಾರ ಹಿಡಿದು ಎರಡರದ್ದೂ ಒಂದೊಂದು ಆವರ್ತನ ಎಷ್ಟು ಸೆಕೆಂಡ್ ಅಂತ ಅಳೆಯಿರಿ. ಆಮೇಲೆ ಮಾತಾಡಿ.

ಘರಾಣಾದ ಹೆಸರನ್ನೂ ಜಾಸ್ತಿ ನೆಚ್ಚಬೇಡಿ. ಮನಸೂರರೇ ಹಿಂದುಸ್ತಾನಿಯನ್ನು ಮೊದಲು ಕಲಿತದ್ದು ನೀಲಕಂಠಬುವಾ ಮಿರಜಕರರ ಹತ್ತಿರ, ಗ್ವಾಲಿಯರ್ ಪದ್ಧತಿ. ಆಮೇಲೆ ಮಂಜಿ ಖಾನ್, ಬುರ್ಜಿ ಖಾನ್. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಆಮೇಲೆ ಎಷ್ಟೋ ಉಸ್ತಾದರಿಂದ ಪಡೆದರು. ಗದಗದ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯಲ್ಲಿ ಕಲಿತವರನ್ನು ಒಂದೇ ಘರಾಣಾದ ಚೌಕಟ್ಟಿಗೆ ಕೂರಿಸಲು ಹೋದರೆ ಚೌಕಟ್ಟೇ ಮುರಿಯುತ್ತದೆ.

ಐದನೆಯದು ನನಗೆ ಎಲ್ಲಕ್ಕಿಂತ ಇಷ್ಟ: ಹತ್ತಿರದ ರಾಗಗಳು. ಮಾರವಾ, ಪೂರಿಯಾ, ಸೋಹನಿ ಮೂರರಲ್ಲೂ ಸ್ವರ ಹೆಚ್ಚುಕಡಿಮೆ ಅವೇ: ಕೋಮಲ (ಇಳಿಸಿದ) ರಿ, ತೀವ್ರ (ಏರಿಸಿದ) ಮ, ಪಂಚಮ ಇಲ್ಲ. ಆದರೂ ಮಾರವಾ ರಿ-ಧ ಮೇಲೆ ನಿಂತು ಒಂಥರಾ ತಳಮಳ ಹುಟ್ಟಿಸುತ್ತದೆ, ಪೂರಿಯಾ ಗ-ನಿ ಹಿಡಿದು ಮಂದ್ರದಲ್ಲಿ ಓಡಾಡುತ್ತದೆ, ಸೋಹನಿ ಮೇಲಿನ ಸಪ್ತಕಕ್ಕೆ ಹಾರಿ ಅಲ್ಲೇ ಇರುತ್ತದೆ. ರಾಗದ ಹೆಸರು ಹೇಳದೆ ಮೂರರ ಒಂದೊಂದು ನಿಮಿಷ ಹಚ್ಚಿ, ಏನೂ ಕಲಿಯದವರನ್ನೇ ಕೇಳಿ. ಹೆಸರು ಹೇಳದಿದ್ದರೂ 'ಮೂರೂ ಬೇರೆ' ಅಂತ ಖಂಡಿತ ಹೇಳುತ್ತಾರೆ. ಹಾಗೆಯೇ ಮಾಲಕಂಸ್ ಮತ್ತು ಸಂಪೂರ್ಣ ಮಾಲಕಂಸ್. ಮೊದಲನೆಯದರಲ್ಲಿ ರಿ, ಪ ಎರಡೂ ಇಲ್ಲ. ಎರಡನೆಯದರಲ್ಲಿ ಇವೆ, ಮತ್ತು ಅದು ಮನಸೂರರ ಪರಂಪರೆಯವರು ಹಾಡುವ ರಾಗ. ಭೀಮಸೇನರ ಮಾಲಕಂಸ್ ಕೇಳಿ ತಲೆದೂಗಿದವರಿಗೆ ಇದನ್ನು ಕೇಳಿಸಿದರೆ, ಆ ಪಂಚಮ ಬಂದ ಜಾಗದಲ್ಲಿ ಮುಖ ನೋಡಬೇಕು.

ಮೊದಲು ರೆಕಾರ್ಡಿಂಗನ್ನು ವಿಚಾರಿಸಿ

ಗಾಯಕರ ಬಗ್ಗೆ ಬಾಯಿ ತೆಗೆಯುವ ಮೊದಲು ನಿಮ್ಮ ಕೈಯಲ್ಲಿರುವ ವಸ್ತು ಏನು ಅಂತ ತಿಳಿಯಬೇಕು. 78 ಅಂದರೆ ಮೂರು ನಿಮಿಷ. ಎಲ್‌ಪಿ ಅಂದರೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಆಸುಪಾಸು, ಸ್ಟುಡಿಯೋದಲ್ಲಿ ಅಳತೆ ನೋಡಿ ಹಾಡಿದ್ದು. ಮನೆಯ ಕ್ಯಾಸೆಟ್ ಆದರೆ ಸಿ-60ಕ್ಕೆ ಮೂವತ್ತು ನಿಮಿಷಕ್ಕೊಮ್ಮೆ, ಸಿ-90ಕ್ಕೆ ನಲವತ್ತೈದು ನಿಮಿಷಕ್ಕೊಮ್ಮೆ ಕಟ್ಟಾಗಿರುತ್ತದೆ, ಮಗ್ಗುಲು ತಿರುಗಿಸುವಷ್ಟರಲ್ಲಿ ನಾಲ್ಕು ತಾನು (ಸ್ವರಗಳ ವೇಗದ ಓಟ) ಹೋಗಿರುತ್ತದೆ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಅಲ್ಲಿಂದ ರೇಡಿಯೋದಲ್ಲಿ ಬಂದದ್ದನ್ನು ಮನೆಯಲ್ಲಿ ಟೇಪ್ ಮಾಡಿಕೊಂಡವರು ಎಷ್ಟೋ ಜನ. ಅದರಲ್ಲಿ ಕೊನೆಗೆ ಉದ್ಘೋಷಕರು ಬಂದು ಬಿಡುತ್ತಾರೆ. ಮೂರು ನಿಮಿಷದಲ್ಲಿ ಹಾಡಿದ್ದನ್ನೂ ಕುಂದಗೋಳದ ವಾಡೆಯಲ್ಲಿ ನಡುರಾತ್ರಿ ಬೈಠಕ್ಕಿನಲ್ಲಿ ಹಾಡಿದ್ದನ್ನೂ ಒಂದೇ ತಕ್ಕಡಿಗೆ ಹಾಕಿದರೆ ಇಬ್ಬರಿಗೂ ಅನ್ಯಾಯ.

ಇನ್ನು ವೇಗ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಟೇಪು ಸ್ವಲ್ಪ ಜೋರಾಗಿ ಓಡಿದರೆ ಶ್ರುತಿ ಏರುತ್ತದೆ, ಲಯವೂ ಏರುತ್ತದೆ, ದನಿ ಎಳೆಯದಾಗುತ್ತದೆ. ಸುಮಾರು ನೂರಕ್ಕೆ ಆರರಷ್ಟು ವೇಗ ಹೆಚ್ಚಾದರೆ ಅರ್ಧ ಸ್ವರ ಮೇಲೆ. ಹತ್ತು ನಿಮಿಷದ್ದು ಒಂಬತ್ತು ನಿಮಿಷ ಇಪ್ಪತ್ತಾರು ಸೆಕೆಂಡಿಗೆ ಮುಗಿಯುತ್ತದೆ. 'ಆ ವಯಸ್ಸಿನಲ್ಲಿ ಎಂಥಾ ತಯಾರಿ ನೋಡ್ರಿ, ತಾನು ಹ್ಯಾಂಗ ಓಡತಾವ' ಅಂತ ಹೊಗಳಿದ್ದು ಎಷ್ಟೋ ಸಲ ಯಾರದೋ ಡೆಕ್ಕಿನ ಮೋಟರಿನ ಪ್ರತಾಪ ಆಗಿರುತ್ತದೆ.

ಪರೀಕ್ಷೆ ಮಾಡುವುದು ಕಷ್ಟ ಇಲ್ಲ. ಫೋನಿನಲ್ಲಿ ತಂಬೂರಿ ಆ್ಯಪ್ ಇದ್ದೇ ಇರುತ್ತದೆ. ರೆಕಾರ್ಡಿಂಗ್ ಹಚ್ಚಿ, ಅದರ ಷಡ್ಜಕ್ಕೆ ಆ್ಯಪಿನ ಶ್ರುತಿ ಕೂಡಿಸಿ. ಆ ಗಾಯಕರು ಆ ಕಾಲದಲ್ಲಿ ಸಾಮಾನ್ಯವಾಗಿ ಯಾವ ಪಟ್ಟಿಯಲ್ಲಿ (ಹಾರ್ಮೋನಿಯಂನ ಯಾವ ಮನೆಯನ್ನು ಷಡ್ಜ ಮಾಡಿಕೊಂಡು) ಹಾಡುತ್ತಿದ್ದರು ಅಂತ ಬೇರೆ ನಾಲ್ಕು ರೆಕಾರ್ಡಿಂಗ್ ನೋಡಿದರೆ ತಿಳಿಯುತ್ತದೆ. ಉಳಿದ ನಾಲ್ಕೂ ಕರಿ ಒಂದರ ಹತ್ತಿರ ಇದ್ದು ಇದೊಂದು ಮಾತ್ರ ಬಿಳಿ ಎರಡಕ್ಕೆ ಏರಿದ್ದರೆ ಸಂಶಯ ಪಡಿ. ಶ್ರುತಿ ಎರಡು ಮನೆಗಳ ನಡುವೆ ಎಲ್ಲೋ ಸಿಕ್ಕಿಕೊಂಡಿದ್ದು, ಸಾಥಿಗೆ ಹಾರ್ಮೋನಿಯಂ ಬೇರೆ ಇದ್ದರೆ ಸಂಶಯ ಇನ್ನೂ ಗಟ್ಟಿ. ಇನ್ನೊಂದು ಸುಳಿವು ಮಾತು. ಉದ್ಘೋಷಕರದ್ದೋ, ಸಭಿಕರದ್ದೋ, ಗಾಯಕರದ್ದೋ ಮಾತು ನಡುವೆ ಬಂದರೆ ಅದನ್ನು ಕೇಳಿ. ಹಾಡಿನಲ್ಲಿ ವೇಗ ಗೊತ್ತಾಗದಿದ್ದರೂ ಮಾತಿನಲ್ಲಿ ಕೂಡಲೇ ಗೊತ್ತಾಗುತ್ತದೆ, ಚಪ್ಪಾಳೆಯಲ್ಲೂ ಗೊತ್ತಾಗುತ್ತದೆ. ಕಂಪ್ಯೂಟರ್ ಬರುವವರು ಒಬ್ಬರಿದ್ದರೆ ಹಳೇ ಟೇಪಿನ ಹಿಂದೆ ಗುಂಯ್ ಅನ್ನುವ ಕರೆಂಟಿನ ಸದ್ದನ್ನು ಅಳೆಯಲಿ. ನಮ್ಮ ಕರೆಂಟು 50 ಹರ್ಟ್ಸ್. ಮೂಲ ರೆಕಾರ್ಡಿಂಗ್ ಮಾಡುವಾಗಲೇ ಹಿಡಿದ ಸದ್ದು 53ರಲ್ಲಿ ಕಂಡರೆ ಟೇಪು ಓಡಿದೆ ಅಂತಲೇ ಅರ್ಥ. ವೇಗ ಸರಿ ಮಾಡುವ ಆ್ಯಪುಗಳು ಪುಕ್ಕಟೆ ಸಿಗುತ್ತವೆ. ಶ್ರುತಿ ಮಾತ್ರ ಇಳಿಸಬೇಡಿ, ಶ್ರುತಿ ಮತ್ತು ವೇಗ ಎರಡನ್ನೂ ಒಟ್ಟಿಗೆ ಇಳಿಸಿ.

ಹೆಸರಿನ ಚೀಟಿ ನಂಬಬೇಡಿ. ಯೂಟ್ಯೂಬಿನಲ್ಲಿ ನಟ್ ಬಿಹಾಗ್‌ಗೆ ಬಿಹಾಗ್ ಅಂತ, ಸಂಪೂರ್ಣ ಮಾಲಕಂಸ್‌ಗೆ ಬರೀ ಮಾಲಕಂಸ್ ಅಂತ ಹಾಕಿರುವುದು ಸಿಗುತ್ತದೆ. ಗೊತ್ತಿದ್ದವರಿಗೆ ಒಮ್ಮೆ ಕೇಳಿಸಿ, ಆಮೇಲೆ ಕೂಟಕ್ಕೆ ತನ್ನಿ. ಹಾಕಿದವರು ಪುಣ್ಯದ ಕೆಲಸ ಮಾಡಿದ್ದಾರೆ, ಅವರನ್ನು ಬೈಯಬೇಡಿ.

ಕೇಳುವಾಗ

ಹೆಸರು ಹೇಳದೆ ಹಚ್ಚುವುದು ಉತ್ತಮ. ನಮ್ಮ ಕಡೆ ಕೆಲವು ದನಿ ಎರಡು ಸೆಕೆಂಡಿಗೇ ಗುರುತು ಸಿಗುತ್ತವೆ, ನಿಜ. ಆದರೂ ಹಾಗೇ ಮಾಡಿ. ಹೆಸರು ಕಿವಿಗೆ ಬಿದ್ದ ಕೂಡಲೇ ಕಿವಿ ಅರ್ಧ ಮುಚ್ಚುತ್ತದೆ.

ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಇದು ಸಣ್ಣ ಮಾತು ಅನಿಸುತ್ತದೆ, ಆದರೆ ಜೋರಾಗಿ ಇರುವುದೇ ಎಲ್ಲರಿಗೂ ಚೆನ್ನಾಗಿ ಕೇಳುತ್ತದೆ, ಯಾಕೆ ಅಂತ ಅವರಿಗೂ ಗೊತ್ತಾಗುವುದಿಲ್ಲ. ಹಳೇ 78 ಯಾವತ್ತೂ ಮೆಲ್ಲಗೆ ಇರುತ್ತದೆ, ಹೊಸ ಸಿಡಿ ಜೋರಾಗಿರುತ್ತದೆ. ಹಚ್ಚುವವರು ಮೊದಲೇ ಒಮ್ಮೆ ಕೂತು ಎರಡನ್ನೂ ಸಮ ಮಾಡಿಕೊಂಡಿರಬೇಕು, ಎಲ್ಲಿಂದ ಎಲ್ಲಿಯವರೆಗೆ ಅಂತ ನಿಮಿಷ-ಸೆಕೆಂಡ್ ಚೀಟಿಯಲ್ಲಿ ಬರೆದುಕೊಂಡಿರಬೇಕು. ಎಲ್ಲರೂ ಕಾಯುತ್ತಿರುವಾಗ ಬೆರಳಿನಿಂದ ಹಿಂದೆ ಮುಂದೆ ತಳ್ಳುತ್ತ 'ಇಲ್ಲೇ ಎಲ್ಲೋ ಇತ್ತು' ಅನ್ನುವುದು ಬೇಡ.

ಮೊದಲ ಸಲ ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಬಾರದು. ಎಲ್ಲರೂ ಎರಡು ಸಾಲು ಬರೆಯಲಿ. ಯಾಕೆಂದರೆ ಹಿರಿಯರು ಮೊದಲು ಬಾಯಿ ತೆಗೆದರೆ ಉಳಿದವರ ಅಭಿಪ್ರಾಯ ಅಲ್ಲಿಗೇ ಮುಗಿಯಿತು. 'ಹೌದ್ರಿ ಕಾಕಾ, ಖರೇ ಹೇಳಿದ್ರಿ' ಅಂತ ತಲೆ ಅಲ್ಲಾಡಿಸಿ ಚಹಾ ಕುಡಿಯುತ್ತಾರೆ. ಬರೆದಿದ್ದರೆ ಅದು ಉಳಿಯುತ್ತದೆ. ಓದುವಾಗ ಎಲ್ಲರಿಗಿಂತ ಚಿಕ್ಕವರಿಂದ ಶುರು ಮಾಡಿ.

ಏನು ಬರೆಯಬೇಕು? 'ದೈವಿಕ', 'ಅಮೋಘ', 'ಮೈ ಜುಮ್ಮೆಂದಿತು' ಇವೆಲ್ಲ ಬೇಡ. ಕಿವಿಗೆ ಬಿದ್ದದ್ದನ್ನು ಬರೆಯಿರಿ. ತಾರ ಷಡ್ಜ ಎಷ್ಟನೇ ನಿಮಿಷಕ್ಕೆ ಮುಟ್ಟಿದರು? ಅದಕ್ಕಿಂತ ಮುಂಚೆ ನಿಷಾದದ ಮೇಲೆ ಎಷ್ಟು ಹೊತ್ತು ಕಾಯಿಸಿದರು? ಮುಖಡಾ (ಸಮ್ಮಿಗೆ ಮರಳಿ ತರುವ ಸಾಲು) ಪ್ರತಿ ಸಲ ಒಂದೇ ಥರ ಬಂತೋ, ಬೇರೆ ಬೇರೆ ಕಡೆಯಿಂದ ಬಂತೋ? ಚೀಜಿನ ಮಾತು ಕೇಳುತ್ತದೋ, ಬರೀ ಆಕಾರವೋ ('ಆ' ಅನ್ನುತ್ತ ಹಾಡುವುದೋ)? ತಬಲಾದವರು ಠೇಕಾ (ತಾಳದ ಮೂಲ ಬೋಲು) ಬಿಟ್ಟು ಎಲ್ಲಿ ಕೈ ಹಾಕಿದರು, ಅದು ಗಾಯಕರಿಗೆ ಬೇಕಿತ್ತೋ? ಗಂಗೂಬಾಯಿಯವರ ಹಿಂದೆ ಮಗಳು ಕೃಷ್ಣಾ ಹಾನಗಲ್ಲರ ದನಿ ಎಲ್ಲಿ ಬರುತ್ತದೆ, ಎಲ್ಲಿ ಸರಿದು ನಿಲ್ಲುತ್ತದೆ ಅಂತ ಒಂದು ರೆಕಾರ್ಡಿಂಗ್ ಪೂರ್ತಿ ಬರೀ ಅದನ್ನೇ ಕೇಳಿ ನೋಡಿ. ಎರಡು ದನಿ ಹೇಗೆ ಒಂದಕ್ಕೊಂದು ದಾರಿ ಬಿಡುತ್ತವೆ ಅಂತ ಆಗ ಗೊತ್ತಾಗುತ್ತದೆ.

ವಾದ ಬಂದೇ ಬರುತ್ತದೆ. 'ನೀವು ಟೇಪ್ ಕೇಳೀರಿ, ನಾ ಎದುರಿಗೆ ಕೂತು ಕೇಳೀನಿ' ಅನ್ನುವ ಹಿರಿಯರು ಒಬ್ಬರು ಇದ್ದೇ ಇರುತ್ತಾರೆ. ಅವರ ಮಾತನ್ನು ತಳ್ಳಿ ಹಾಕಬೇಡಿ, ಹಾಗಂತ ಅಲ್ಲಿಗೇ ಸುಮ್ಮನಾಗಲೂ ಬೇಡಿ. 'ಹೌದ್ರಿ ಕಾಕಾ, ಆ ಜಾಗಾ ಯಾವುದು, ಇದರಾಗ ತೋರಸ್ರಿ' ಅಂತ ಕೇಳಿ, ಮತ್ತೆ ಹಚ್ಚಿ. ಒಂದು ಜಾಗಾ ಹಿಡಿದು ತೋರಿಸಲು ಕೂತರೆ ಅವರಿಂದ ಬರುವ ಮಾಹಿತಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅವತ್ತು ಯಾರು ಸಾಥಿಗಿದ್ದರು, ಮೈಕು ಹೇಗಿತ್ತು, ಗಾಯಕರಿಗೆ ನೆಗಡಿ ಆಗಿತ್ತೋ ಇಲ್ಲವೋ ಎಲ್ಲ ಬರುತ್ತದೆ. ಚಿಕ್ಕವರಿಗೂ ಒಂದು ಮಾತು. ಒಂದು ರಾಗದ ಇಪ್ಪತ್ತು ರೆಕಾರ್ಡಿಂಗ್ ಒಂದು ವಾರದಲ್ಲಿ ಕೇಳಿ ಬಂದು ಪಟ್ಟಿ ಒಪ್ಪಿಸಬೇಡಿ. ಒಂದನ್ನು ಇಪ್ಪತ್ತು ಸಲ ಕೇಳಿ ಬನ್ನಿ.

ಕೊಡುವುದು, ತೆಗೆದುಕೊಳ್ಳುವುದು

ವಾಟ್ಸಾಪಿನಲ್ಲಿ ಕಳಿಸುವುದಾದರೆ ಆಡಿಯೋ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ. ಫೈಲು ಇದ್ದ ಹಾಗೇ ಹೋಗುತ್ತದೆ. ಫೈಲಿನ ಹೆಸರಿನಲ್ಲೇ ಗಾಯಕರು, ರಾಗ, ಗೊತ್ತಿದ್ದರೆ ವರ್ಷ, ಎಲ್ಲಿಂದ ಬಂದದ್ದು ಅಂತ ಬರೆಯಿರಿ. 'ಆಡಿಯೋ 0047' ಅಂತ ಬಂದದ್ದನ್ನು ಮುಂದಿನ ತಿಂಗಳು ಯಾರೂ ಹುಡುಕಲಾರರು. ಜೊತೆಗೆ ಒಂದು ಸಾಲು: 'ಹನ್ನೆರಡನೇ ನಿಮಿಷದಿಂದ ಹದಿನೈದರವರೆಗೆ ಕೇಳಿ, ಗಾಂಧಾರ ಬಿಟ್ಟು ಹೇಗೆ ಇಳಿಯುತ್ತಾರೆ ನೋಡಿ.' ಇಷ್ಟು ಬರೆದರೆ ಜನ ಕೇಳುತ್ತಾರೆ. ವಾರಕ್ಕೆ ಒಂದೇ ಕಳಿಸಿ.

ಮನೆಯ ಅಟ್ಟದ ಮೇಲೆ ಕ್ಯಾಸೆಟ್ಟಿನ ಡಬ್ಬಿ ಇದೆಯಾ? ಸೀದಾ ಹಚ್ಚಬೇಡಿ. ಮೊದಲು ಹೊರಗಿನಿಂದ ನೋಡಿ, ಬಿಳಿ ಬೂಷ್ಟು ಕಂಡರೆ ಡೆಕ್ಕಿಗೆ ಹಾಕಲೇಬೇಡಿ, ಗೊತ್ತಿದ್ದವರಿಗೆ ತೋರಿಸಿ. ಬೂಷ್ಟು ಇಲ್ಲದಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ ಓಡಿಸಿ, ಒಮ್ಮೆ ಪೂರ್ತಿ ಹಿಂದಕ್ಕೆ, ಅಂಟಿಕೊಂಡ ಸುರುಳಿ ಬಿಡುತ್ತದೆ. ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಕಂಪ್ಯೂಟರಿಗೆ ಹಾಕುವಾಗ ಮೊದಲ ಪ್ರತಿ ವೇವ್ ಅಥವಾ ಫ್ಲ್ಯಾಕ್ (ಸದ್ದಿನಲ್ಲಿ ಏನೂ ಕಳೆಯದ ಫೈಲು) ಇರಲಿ, ಹಂಚಲು ಬೇಕಾದರೆ ಅದರಿಂದ ಎಂಪಿ3 ಮಾಡಿ. ಸದ್ದು ತೆಗೆಯುವ ಸಾಫ್ಟ್‌ವೇರ್ ಕಂಡರೆ ಕೈ ತುರಿಸುತ್ತದೆ, ತಡೆದುಕೊಳ್ಳಿ. ಒಂದೇ ಸಮನೆ ಬರುವ ಸದ್ದೆಲ್ಲ ಅದಕ್ಕೆ ಕಸ. ತಂಬೂರಿ ಕೂಡ ಒಂದೇ ಸಮನೆ ಬರುವ ಸದ್ದೇ. ಟೇಪಿನ 'ಹಿಸ್' ಸದ್ದಿನ ಜೊತೆ ತಂಬೂರಿಯನ್ನೂ ತಿಂದು, ನೀರಿನೊಳಗೆ ಹಾಡಿದ ಹಾಗೆ ಮಾಡಿ ಕೊಡುತ್ತದೆ. ಮೂಲ ಪ್ರತಿಯನ್ನು ಮುಟ್ಟದೆ ಇಟ್ಟುಕೊಂಡು ಇನ್ನೊಂದರ ಮೇಲೆ ಏನು ಬೇಕಾದರೂ ಮಾಡಿ.

ಹಕ್ಕಿನ ವಿಚಾರ ಚಿಕ್ಕದಾಗಿ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಹಾಗಾಗಿ 1930ರ ದಶಕದ 78 ರೆಕಾರ್ಡುಗಳ ಬಗ್ಗೆ ಚಿಂತೆ ಇಲ್ಲ. ಈಚಿನದು, ಅಂಗಡಿಯಲ್ಲೋ ಆ್ಯಪಿನಲ್ಲೋ ಸಿಗುವಂಥದ್ದು ಆದರೆ ಲಿಂಕ್ ಕಳಿಸಿ, ಫೈಲು ಬೇಡ. ಯಾರದೋ ಮನೆಯ ಬೈಠಕ್ಕಿನಲ್ಲಿ ಮಾಡಿಕೊಂಡ ರೆಕಾರ್ಡಿಂಗ್ ಆದರೆ ಕಲಾವಿದರನ್ನೋ ಅವರ ಮನೆಯವರನ್ನೋ ಕೇಳದೆ ಎಲ್ಲೂ ಏರಿಸಬೇಡಿ. ನಾಲ್ಕು ಜನರ ನಡುವೆ ಹಾಡಿದ್ದನ್ನು ಲಕ್ಷ ಜನರ ಮುಂದೆ ಇಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಅವರು. ಎಷ್ಟೋ ಮನೆಯವರು ಸಂತೋಷದಿಂದ ಒಪ್ಪುತ್ತಾರೆ, ತಮ್ಮ ಹತ್ತಿರ ಇರುವುದನ್ನೂ ಕೊಡುತ್ತಾರೆ. ಕೇಳುವ ರೀತಿಯಲ್ಲಿ ಕೇಳಬೇಕು ಅಷ್ಟೇ.

ಒಂದು ನೋಟ್‌ಬುಕ್ ಇಡಿ, ಕೂಟದ್ದೇ. ದಿನಾಂಕ, ಏನು ಹಚ್ಚಿದ್ದು, ಯಾರು ತಂದದ್ದು, ಪ್ರತಿಯೊಬ್ಬರ ಎರಡು ಸಾಲು. ಆರು ತಿಂಗಳ ಮೇಲೆ ಅದೇ ಜೋಡಿಯನ್ನು ಮತ್ತೆ ಹಚ್ಚಿ, ಹಳೇ ಪುಟ ತೆಗೆಯದೆ ಹೊಸದಾಗಿ ಬರೆಯಿರಿ, ಆಮೇಲೆ ಎರಡನ್ನೂ ಓದಿ. ಅವತ್ತು ಒಬ್ಬರಾದರೂ ತಮ್ಮ ಹಳೇ ಸಾಲಿನ ಜೊತೆ ಜಗಳಕ್ಕೆ ನಿಲ್ಲುತ್ತಾರೆ.

ಮುಂದಿನ ಸಲ ಯಾರು ತರುವುದು ಅಂತ ಏಳುವ ಮೊದಲೇ ನಿಗದಿ ಮಾಡಿ. ತರುವವರು ಎರಡೇ ತರಬೇಕು. ಮೂರನೆಯದು ತಂದು 'ಇದೊಂದ ಕೇಳಿಬಿಡ್ರಿ, ಐದ ನಿಮಿಷ' ಅಂದರೆ ಚಹಾ ಕೊಟ್ಟು ಕೂರಿಸಿ, ಆ ಮೂರನೆಯದನ್ನು ಮುಂದಿನ ಕೂಟದ ಲೆಕ್ಕಕ್ಕೆ ಬರೆದುಕೊಳ್ಳಿ.